ಗುಂಡುತೋಪಿನಲ್ಲಿ ಮಳೆಗೆ ಎದ್ದ ಸೊಪ್ಪು, ಅಣಬೆ: ಹೆಸರು ಗೊತ್ತಿದ್ದವರು ದಯವಿಟ್ಟು ಹೇಳಿ

ತೋಪಿನ ಎದುರು ಮನೆ | ಜೂನ್ 8, ಸಂಜೆ 6.10

ನಮ್ಮ ಮನೆ ಇರುವುದು ಬೆಂಗಳೂರಿನ ಉತ್ತರದ ಅಂಚಿನಲ್ಲಿ. ಎದುರಿಗೆ ಎರಡು ಎಕರೆಯಷ್ಟು ಗುಂಡುತೋಪು. ಎರಡು ಹಳೆಯ ಹುಣಸೆ, ಒಂದು ನೇರಳೆ, ಏಳು ಮಾವು, ಬದುವಿನುದ್ದಕ್ಕೂ ಹೊಂಗೆ. ಒಂದು ಬದಿಯಲ್ಲಿ ಕೆರೆಗೆ ಹೋಗುವ ರಾಜಕಾಲುವೆ. ಹಳ್ಳಿ ಬಡಾವಣೆಯಾದರೂ ತೋಪು ಹೇಗೋ ಉಳಿದುಕೊಂಡಿದೆ.

ಮೇ ತಿಂಗಳ ಕೊನೆಯವರೆಗೆ ನೆಲ ಬಿರುಕು ಬಿಟ್ಟಿತ್ತು. ಮೂರು ಮಳೆ ಬಿದ್ದದ್ದೇ ತಡ, ಕಾಲಿಡಲು ಜಾಗವಿಲ್ಲದಷ್ಟು ಹಸಿರು. ನಿನ್ನೆ ಬೆಳಿಗ್ಗೆ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಸೆರಗನ್ನು ಮಡಿಲು ಕಟ್ಟಿಕೊಂಡು ಸೊಪ್ಪು ಚಿವುಟುತ್ತಿದ್ದರು. ಏನು ಸೊಪ್ಪು ಎಂದು ಕೇಳಿದೆ. ‘ಬೆರಕೆ ಸೊಪ್ಪು ತಾಯಿ, ರಾತ್ರಿಯ ಸಾರಿಗೆ’ ಎಂದರು. ಮಡಿಲಿನಲ್ಲಿ ಎಂಟು ಬಗೆಯಾದರೂ ಇದ್ದವು. ನನಗೆ ಗೊತ್ತಿದ್ದದ್ದು ಗಣಿಕೆ ಒಂದೇ. ಇಪ್ಪತ್ತೆರಡು ವರ್ಷ ಇದೇ ಊರಿನಲ್ಲಿದ್ದು, ದಿನಾ ಇದೇ ತೋಪಿನಲ್ಲಿ ನಡೆದಾಡುವವಳು ನಾನು. ಬೇಸರವಾಯಿತು.

ಇದನ್ನು ಇಲ್ಲಿ ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ನಿವಾಸಿಗಳ ಸಂಘ ಮುಂದಿನ ತಿಂಗಳು ಜೆಸಿಬಿ ತರಿಸಿ ‘ಕಳೆಯನ್ನೆಲ್ಲ’ ಕೆರೆದು ಹಾಕಿಸಿ, ಹುಲ್ಲುಹಾಸು ಹಾಸಿಸಬೇಕೆಂದಿದೆ. 22ರಂದು ಸಭೆ. ಕಳೆ ಎನ್ನುವವರಿಗೆ ನಾನು ಒಂದೊಂದರ ಹೆಸರನ್ನು ಹೇಳಿ ಉತ್ತರ ಕೊಡಬೇಕು. ಆಗ ಮಾತ್ರ ಅವರು ಕೇಳಿಸಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ. ಸಹಾಯ ಮಾಡಿ.

ಕೋಲಾರದ ಕಡೆಯವರು | ಜೂನ್ 8, ರಾತ್ರಿ 8.45

ಅಕ್ಕಾ, ಬೆರಕೆ ಎಂಬ ಗಿಡವಿಲ್ಲ. ಆ ದಿನ ಮಡಿಲಿಗೆ ಬಿದ್ದದ್ದೆಲ್ಲ ಸೇರಿ ಬೆರಕೆ. ನಮ್ಮ ಕಡೆ ಮುಂಗಾರಿನ ಮೊದಲ ಹದಿನೈದು ದಿನ ಮನೆಮನೆಯಲ್ಲೂ ಇದೇ ಸಾರು.

ಅಲ್ಲಿ ಇರಬಹುದಾದವುಗಳನ್ನು ಹೇಳುತ್ತೇನೆ, ಹೋಗಿ ನೋಡಿ. ಅಣ್ಣೆ ಸೊಪ್ಪು: ನೀಳ ಎಲೆ, ಮುಂದೆ ಬೆಳ್ಳಿ ಬಣ್ಣದ ಮೇಲೆ ಗುಲಾಬಿ ಬಳಿದಂಥ ತೆನೆ ಬಿಡುತ್ತದೆ, ತೆನೆ ಬರುವ ಮೊದಲೇ ಕೊಯ್ಯಬೇಕು. ದೀಪಾವಳಿಯಲ್ಲಿ ಸಗಣಿಯ ಬೆನಕನಿಗೆ ಸಿಕ್ಕಿಸಲು ನಾವು ಇದೇ ಹೂವನ್ನು ತರುತ್ತಿದ್ದೆವು. ಕನ್ನೆ ಸೊಪ್ಪು: ನೆಲದಲ್ಲಿ ಹಬ್ಬುತ್ತದೆ, ಎಲೆ ಮೆದು, ಹೂವು ನೀಲಿ. ಗೋಣಿ ಸೊಪ್ಪಿನ ದಂಟು ಕೆಂಪು, ಎಲೆ ದಪ್ಪ, ರುಚಿ ಹುಳಿ. ಕೀರೆ, ಮುಳ್ಳುಕೀರೆ ಎರಡೂ ದಂಟಿನ ಸೊಪ್ಪಿನ ಬಳಗ. ಮುಳ್ಳಿನದರಲ್ಲಿ ಎಳೆಯ ಕುಡಿ ಮಾತ್ರ. ಕೊಮ್ಮೆ ಸುತ್ತಲೂ ಚಾಪೆಯಂತೆ ಹರಡಿಕೊಳ್ಳುತ್ತದೆ. ಹೊನಗೊನೆ ತೇವವಿದ್ದಲ್ಲಿ. ತುಂಬೆಯ ಕುಡಿ ನಾಲ್ಕೈದು ಸಾಕು, ಹೆಚ್ಚಾದರೆ ಸಾರೆಲ್ಲ ಖಾರ ಘಾಟು.

ನಮ್ಮ ಅಮ್ಮನ ಲೆಕ್ಕ ಹೀಗಿತ್ತು: ಕಹಿ ಒಂದು ಹಿಡಿ, ಹುಳಿ ಒಂದು ಹಿಡಿ, ಸಪ್ಪೆ ನಾಲ್ಕು ಹಿಡಿ. ತೊಗರಿಬೇಳೆಯ ಜೊತೆ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ, ಈರುಳ್ಳಿ ಸೇರಿಸಿ ಮಡಕೆಯಲ್ಲೇ ಮಂತಿನಿಂದ ಮಸೆಯುತ್ತಿದ್ದಳು. ಮಿಕ್ಸಿಯಲ್ಲಿ ತಿರುವಿದರೆ ಅಂಟಾಗುತ್ತದೆ, ಎಲೆಯ ನಾರು ನಾಲಿಗೆಗೆ ಸಿಗುವುದಿಲ್ಲ. ಬಸಿದ ಕಟ್ಟನ್ನು ಮತ್ತೆ ಸುರಿದು ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು. ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ ಹಾಕಿಕೊಳ್ಳಬೇಕು. ಬರೆಯುತ್ತಿರುವಾಗಲೇ ಬಾಯಲ್ಲಿ ನೀರೂರುತ್ತಿದೆ.

ವರ್ತೂರು ಕಡೆಯ ನಿವಾಸಿ | ಜೂನ್ 8, ರಾತ್ರಿ 9.30

ಸಾರಿನ ಮಾತು ಮುಂದುವರಿಯುವ ಮೊದಲು ಒಂದು ಮಾತು ಕೇಳಿ. ರಾಜಕಾಲುವೆಯ ಬದಿಯ ಸೊಪ್ಪನ್ನು ತಿನ್ನಬೇಡಿ. ನಮ್ಮ ಕಡೆಯ ಕೆರೆಗಳ ಸ್ಥಿತಿ ನಿಮಗೆ ಗೊತ್ತಿದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದ ಸಂಜೆ ನಾನು ತಾರಸಿಯಲ್ಲಿ ನಿಂತು ಹೊಗೆ ನೋಡಿದವನು. ಅಂಥ ನೀರು ಕುಡಿದು ಬೆಳೆದ ಸೊಪ್ಪು ಕಣ್ಣಿಗೆ ಬಹಳ ಚೆನ್ನಾಗಿರುತ್ತದೆ, ಗೊಬ್ಬರ ಹಾಕಿದಂತೆ ಕೊಬ್ಬಿರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಎಲೆಯೊಳಗೇ ಸೇರಿರುತ್ತವೆ. ಉಪ್ಪು, ಅರಿಶಿನದ ನೀರಿನಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನಾಯಿಗಳನ್ನು ಅಡ್ಡಾಡಿಸುವ ದಾರಿಯ ಅಂಚು, ಕಳೆನಾಶಕ ಸಿಂಪಡಿಸಿದ ಜಾಗ, ಕಟ್ಟಡದ ಅವಶೇಷ ಸುರಿದ ಮೂಲೆ, ಇವೂ ಬೇಡ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 9, ಬೆಳಿಗ್ಗೆ 6.20

ಮೇಲಿನವರ ಎಚ್ಚರಿಕೆ ಸರಿಯಾಗಿದೆ. ಅದಕ್ಕೆ ಒಂದನ್ನು ಸೇರಿಸುತ್ತೇನೆ. ಕಾಲುವೆಯ ಪಕ್ಕದಲ್ಲಿ ಹೊನಗೊನೆ ಎಂದು ಜನ ಕೊಯ್ಯುವುದು ಎಷ್ಟೋ ಸಲ ಹೊನಗೊನೆಯೇ ಆಗಿರುವುದಿಲ್ಲ. ಅದರದ್ದೇ ಕುಲದ, ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ ಬೆಂಗಳೂರಿನ ಕೆರೆಗಳಲ್ಲೆಲ್ಲ ಹಬ್ಬಿದೆ. ಕೊಳಚೆ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ, ಲೋಹಗಳನ್ನು ಹೀರಿಟ್ಟುಕೊಳ್ಳುತ್ತದೆ.

ಬೇರ್ಪಡಿಸುವುದು ಕಷ್ಟವಲ್ಲ. ಹೂವನ್ನು ನೋಡಿ. ನಮ್ಮ ಹೊನಗೊನೆಯ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲಿ ಕಾಂಡಕ್ಕೆ ಅಂಟಿಕೊಂಡೇ ಕೂತಿರುತ್ತದೆ, ತೊಟ್ಟಿರುವುದಿಲ್ಲ. ಶಾಸ್ತ್ರೀಯ ಹೆಸರಿನಲ್ಲಿರುವ ‘ಸೆಸಿಲಿಸ್’ ಎಂಬ ಪದದ ಅರ್ಥವೂ ಅದೇ. ಅಲಿಗೇಟರ್ ಕಳೆಯ ಬಿಳಿ ಚೆಂಡು ಉದ್ದನೆಯ ತೊಟ್ಟಿನ ತುದಿಯಲ್ಲಿ ಎದ್ದು ನಿಂತಿರುತ್ತದೆ. ಅದರ ದಂಟನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಕೊಳವೆಯಂತೆ ಟೊಳ್ಳು. ಹೂವಿಲ್ಲದಿದ್ದರೆ ಕಾಯಿರಿ, ಆತುರ ಬೇಡ.

ಗಣಿಕೆಯ ವಿಷಯದಲ್ಲೂ ಹಾಗೆಯೇ. ಎಳೆಯ ಉಮ್ಮತ್ತಿ ಗಿಡವನ್ನು ಗಣಿಕೆ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಉಮ್ಮತ್ತಿಯ ಎಲ್ಲ ಭಾಗವೂ ವಿಷ. ಎಲೆ ಹಿಸುಕಿ ಮೂಸಿ, ಕೆಟ್ಟ ವಾಸನೆ ಬಂದರೆ ಬಿಡಿ. ಗಣಿಕೆಯ ಪುಟ್ಟ ಬಿಳಿ ಹೂವು, ಗುಂಡನೆಯ ಗೊಂಚಲು ಕಾಯಿ ಕಂಡ ಮೇಲೆಯೇ ಕೈ ಹಾಕಿ. ಹಸಿರು ಕಾಯಿ ಬಾಯಿಗೆ ಬೇಡ.

ತೋಪಿನ ಎದುರು ಮನೆ | ಜೂನ್ 10, ಬೆಳಿಗ್ಗೆ 8.05

ಮೇಷ್ಟರೇ, ಇವತ್ತು ಬ್ಲೇಡು ಹಿಡಿದು ಹೋಗಿದ್ದೆ. ಕಾಲುವೆಯ ಬದಿಯಲ್ಲಿ ಹೊನಗೊನೆ ಎಂದು ನಾನು ಖುಷಿಪಟ್ಟಿದ್ದ ಇಡೀ ಹಾಸು ಅಲಿಗೇಟರ್ ಕಳೆ. ದಂಟು ಕತ್ತರಿಸಿದರೆ ಎಳನೀರಿನ ಸ್ಟ್ರಾದಂತೆ ಟೊಳ್ಳು. ಒಳಗೆ ಪುಟ್ಟ ಇರುವೆಯೊಂದು ಓಡಾಡುತ್ತಿತ್ತು. ಮಾವಿನ ಮರಗಳ ಆಚೆ, ಎತ್ತರದ ಜಾಗದಲ್ಲಿ ನಾಲ್ಕೈದು ಬುಡ ನಿಜವಾದ ಹೊನಗೊನೆ ಸಿಕ್ಕಿತು. ಹೂವು ಕಂಕುಳಲ್ಲಿ ಅಂಟಿಕೊಂಡಿದೆ.

ಅಜ್ಜಿ ಇವತ್ತೂ ಬಂದಿದ್ದರು. ಕಾಲುವೆಯ ಕಡೆ ಅವರು ತಲೆ ಎತ್ತಿಯೂ ನೋಡುವುದಿಲ್ಲ. ಕೇಳಿದರೆ ‘ಆ ನೀರು ಸತ್ತು ಎಷ್ಟು ವರ್ಷವಾಯಿತು’ ಎಂದರು. ಯಾವ ಗಿಡವನ್ನೂ ಬೇರು ಸಮೇತ ಕೀಳುವುದಿಲ್ಲ. ಉಗುರಿನಿಂದ ಕುಡಿ ಚಿವುಟುತ್ತಾರೆ, ಒಂದು ಗಿಡದಿಂದ ಒಂದೋ ಎರಡೋ, ಮುಂದಕ್ಕೆ ಹೋಗುತ್ತಾರೆ. ಅವರು ನಡೆದು ಹೋದ ದಾರಿಯಲ್ಲಿ ಏನಾದರೂ ಕಿತ್ತಿದ್ದಾರೆಂದು ಹೇಳಲೇ ಆಗುವುದಿಲ್ಲ. ಇವತ್ತು ನನ್ನ ಪಟ್ಟಿಯಲ್ಲಿ ಇಪ್ಪತ್ಮೂರು ಹೆಸರುಗಳಿವೆ. ಗರಿಕೆ, ಎಕ್ಕ, ಉತ್ತರಾಣಿ, ನೆಲನೆಲ್ಲಿ, ಗರುಗ, ಮುಟ್ಟಿದರೆ ಮುನಿ ಎಲ್ಲ ಸೇರಿ.

ಹೊಸ ಬಾಡಿಗೆದಾರ | ಜೂನ್ 11, ಬೆಳಿಗ್ಗೆ 7.15

ಅದೇ ತೋಪಿನ ಪಕ್ಕದ ಬೀದಿಯವನು ನಾನು. ಸೊಪ್ಪು ಬಿಡಿ, ಅಣಬೆಯ ಬಗ್ಗೆ ಯಾರಾದರೂ ಹೇಳಿ. ಹುಣಸೆ ಮರದಾಚೆಯ ಹುಲ್ಲಿನಲ್ಲಿ ಇವತ್ತು ಹದಿನಾಲ್ಕು ಬಿಳಿ ಅಣಬೆ ಅರೆವೃತ್ತಾಕಾರವಾಗಿ ಎದ್ದಿವೆ. ಕೊಡೆ ಊಟದ ತಟ್ಟೆಯಷ್ಟು ಅಗಲ, ಮೇಲೆ ಕಂದು ಹುರುಪೆ, ದಂಟಿನಲ್ಲಿ ಉಂಗುರ. ವಾಸನೆ ಚೆನ್ನಾಗಿದೆ. ಎರಡನ್ನು ಹುಳ ತಿಂದಿವೆ, ಹಾಗಾಗಿ ವಿಷವಿರಲಾರದು ಎಂದುಕೊಂಡಿದ್ದೇನೆ. ನಾಲ್ಕು ಕಿತ್ತು ತಂದಿದ್ದೇನೆ. ಮಧ್ಯಾಹ್ನ ಪಲ್ಯ ಮಾಡಬಹುದೇ?

ರಾತ್ರಿ ಪಾಳಿಯ ವೈದ್ಯೆ | ಜೂನ್ 11, ಬೆಳಿಗ್ಗೆ 7.22

ಮಾಡಬೇಡಿ. ದಯವಿಟ್ಟು ಒಲೆಗೆ ಇಡಬೇಡಿ.

ಹುಳಕ್ಕೆ ಒಗ್ಗಿದ್ದು ನಮಗೆ ಒಗ್ಗಬೇಕೆಂದಿಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಜೊತೆಯಲ್ಲಿ ಹಾಕಿದ ಬೆಳ್ಳುಳ್ಳಿಯ ಬಣ್ಣ ಬದಲಾಗುತ್ತದೆ, ಅಕ್ಕಿ ಕೆಂಪಾಗುತ್ತದೆ ಎನ್ನುವ ಪರೀಕ್ಷೆಗಳೆಲ್ಲವೂ ಸುಳ್ಳು. ಅವುಗಳನ್ನು ನಂಬಿ ಆಸ್ಪತ್ರೆಗೆ ಬಂದ ಕುಟುಂಬವನ್ನು ನಾನು ಕಂಡಿದ್ದೇನೆ. ನಾಲ್ವರೂ ಬದುಕಿದರು, ಆದರೆ ಚಿಕ್ಕ ಮಗು ಮೂರು ದಿನ ಸಲೈನ್‌ನಲ್ಲಿತ್ತು.

ತಿಂದ ಒಂದೆರಡು ಗಂಟೆಯಲ್ಲಿ ವಾಂತಿ, ಭೇದಿ ಶುರುವಾದರೆ ಅದು ಹಿಂಸೆ. ಆದರೆ ಆರು ಗಂಟೆಗೂ ತಡವಾಗಿ ಶುರುವಾಗುವುದಕ್ಕೆ ನಾವು ಹೆಚ್ಚು ಹೆದರುತ್ತೇವೆ. ಯಕೃತ್ತನ್ನು ಕೆಡಿಸುವ ಅಣಬೆಗಳು ಹಾಗೆ ಮಾಡುತ್ತವೆ. ಎರಡನೆಯ ದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಮನೆಯವರು ಸಮಾಧಾನಪಡುತ್ತಾರೆ, ಅಷ್ಟರಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಯಾರಾದರೂ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಬನ್ನಿ.

ತೀರ್ಥಹಳ್ಳಿ ಮೂಲದವನು | ಜೂನ್ 11, ಬೆಳಿಗ್ಗೆ 9.40

ಅಣಬೆ ತಿಂದೇ ಬೆಳೆದವನು ನಾನು, ಆದರೂ ವೈದ್ಯರ ಮಾತಿಗೆ ನನ್ನ ಸಹಿ ಇದೆ. ನಮ್ಮೂರಿನಲ್ಲಿ ತಿನ್ನುತ್ತಿದ್ದದ್ದು ಮುಖ್ಯವಾಗಿ ಹುತ್ತದ ಅಣಬೆ. ಗೆದ್ದಲುಗಳು ನೆಲದಡಿಯ ಗೂಡಿನಲ್ಲಿ ಬೆಳೆಸುವ ಶಿಲೀಂಧ್ರ ಅದು. ಮಳೆ ಬಿದ್ದು ನೆಲ ಹದವಾದಾಗ ಆ ಗೂಡಿನಿಂದಲೇ ಮೇಲಕ್ಕೆ ಬರುತ್ತದೆ. ನನ್ನ ಅಜ್ಜಿ ಅದನ್ನು ಕಿತ್ತದ್ದನ್ನು ನಾನು ಎಂದೂ ನೋಡಿಲ್ಲ. ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿ, ಕೋಲು ತೂರಿಸಿ, ನಿಧಾನವಾಗಿ ಎತ್ತುತ್ತಿದ್ದರು. ಬೇರಿನಂತೆ ಸಣ್ಣಗಾಗುತ್ತ ಮೊಳದುದ್ದ ಕೆಳಗಿಳಿದ ದಂಟು ಬರಬೇಕು. ಕೊಡೆಯ ನೆತ್ತಿಯಲ್ಲಿ ಬುಗುರಿಯ ಮೊಳೆಯಂಥ ಮೊನೆ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಬುಟ್ಟಿಗೆ ಹಾಕುತ್ತಿರಲಿಲ್ಲ. ಅವರ ಪಕ್ಕ ಕೂತು ಹತ್ತು ಮಳೆಗಾಲ ಕಳೆದ ಮೇಲೂ ನಾನು ಒಬ್ಬನೇ ಆರಿಸಿ ತಂದದ್ದಿಲ್ಲ.

ನೀವು ಹೇಳಿದ ತಟ್ಟೆಯಗಲದ್ದನ್ನು ನಮ್ಮಲ್ಲಿ ನಾಯಿಕೊಡೆ ಎನ್ನುತ್ತಿದ್ದರು.

ಸಭೆಯಲ್ಲಿ ಹೇಳಲು ಒಂದು ಮಾತು: ಹುತ್ತದ ಅಣಬೆಯನ್ನು ಚಿಪ್ಪು ಅಣಬೆಯಂತೆ ಹುಲ್ಲಿನ ಚೀಲದಲ್ಲಿ ಬೆಳೆಸಲು ಬರುವುದಿಲ್ಲ. ಅದಕ್ಕೆ ಬದುಕಿರುವ ಗೆದ್ದಲಿನ ಗೂಡೇ ಬೇಕು. ಜೆಸಿಬಿಯ ಹಲ್ಲು ಗೂಡಿಗೆ ಹೊಕ್ಕಿತೆಂದರೆ ಆ ಜಾಗದ ಅಣಬೆ ಮುಗಿಯಿತು.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 11, ಬೆಳಿಗ್ಗೆ 10.30

ಹೊಸ ಬಾಡಿಗೆದಾರರೇ, ಕಿತ್ತು ತಂದದ್ದನ್ನು ಎಸೆಯಬೇಡಿ. ಒಂದರ ದಂಟನ್ನು ಕತ್ತರಿಸಿ, ಕೊಡೆಯ ಒಳಮೈ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಡಿ. ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೀಜಕದ ಪುಡಿ ಉದುರಿ ಕಾಗದದ ಮೇಲೆ ಅಚ್ಚು ಬೀಳುತ್ತದೆ. ಅದರ ಬಣ್ಣವನ್ನು ನಾಳೆ ತಿಳಿಸಿ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಹೊಸ ಬಾಡಿಗೆದಾರ | ಜೂನ್ 12, ಬೆಳಿಗ್ಗೆ 6.50

ಹಸಿರು. ಬಟ್ಟಲು ಎತ್ತಿದಾಗ ನನಗೇ ನಂಬಲಾಗಲಿಲ್ಲ. ಬಿಳಿ ಕಾಗದದ ಮೇಲೆ ಚಕ್ರದ ಅರಗಳಂತೆ ಸಣ್ಣ ಸಣ್ಣ ಗೆರೆಗಳು, ಪಾಚಿಗೆ ಬೂದಿ ಬೆರೆಸಿದಂಥ ಹಸಿರು ಬಣ್ಣ. ನಿನ್ನೆ ಬಿಳಿಯಾಗಿದ್ದ ಒಳಪದರಗಳೂ ಇವತ್ತು ಹಸಿರಿಗೆ ತಿರುಗಿವೆ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 12, ಬೆಳಿಗ್ಗೆ 7.30

ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಹಸಿರು ಅಚ್ಚು ಬೀಳುವ ದೊಡ್ಡ ಅಣಬೆ ಬಹಳ ಅಪರೂಪ, ಹಾಗಾಗಿ ಇದರ ಗುರುತು ಖಚಿತ. ಉದ್ಯಾನದ ಹುಲ್ಲುಹಾಸಿನಲ್ಲಿ ಮಳೆಯ ನಂತರ ಏಳುವುದು ಹೆಚ್ಚಾಗಿ ಇದೇ. ಎಳೆಯದರಲ್ಲಿ ಪದರ ಬಿಳಿಯಾಗಿರುವುದರಿಂದಲೇ ಜನ ಮೋಸಹೋಗುತ್ತಾರೆ. ತಿಂದಿದ್ದರೆ ಇವತ್ತು ನೀವು ಇಲ್ಲಿ ಬರೆಯುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ನೆನಪಿಡಿ. ಅಚ್ಚು ಬಿಳಿಯಾಗಿ ಬಂದರೆ ತಿನ್ನಬಹುದೆಂದು ಅರ್ಥವಲ್ಲ. ಯಕೃತ್ತು ಕೊಲ್ಲುವ ಅಮಾನಿಟಾಗಳ ಅಚ್ಚು ಬಿಳಿಯೇ.

ಉಡುಪಿಯವಳು | ಜೂನ್ 12, ಮಧ್ಯಾಹ್ನ 1.15

ಗುರುತು ತಪ್ಪುವುದರ ಮಾತು ಬಂದದ್ದಕ್ಕೆ ನೆನಪಾಯಿತು. ನಮ್ಮಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತೇವೆ. ಕತ್ತಲಲ್ಲಿ ಕಾಸರಕನ ತೊಗಟೆ ಕೈಗೆ ಬಂದರೆ ಜೀವಕ್ಕೇ ಸಂಚಕಾರ. ಅದಕ್ಕೇ ನನ್ನ ಅಜ್ಜ ಹಿಂದಿನ ದಿನ ಹಗಲಲ್ಲೇ ಹೋಗಿ, ಎಲೆ ನೋಡಿ, ಸರಿಯಾದ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಮರುದಿನ ಕತ್ತಲಲ್ಲಿ ನೂಲನ್ನು ಕೈಯಿಂದ ತಡವಿ ನೋಡಿಯೇ ತೊಗಟೆ ಜಜ್ಜಿ ತೆಗೆಯಲು ಕಲ್ಲು ಎತ್ತುತ್ತಿದ್ದರು. ನಿಮ್ಮ ತೋಪಿನಲ್ಲೂ ಗೊತ್ತಿರುವವರು ಗಿಡಗಳಿಗೆ ಒಂದೊಂದು ನೂಲು ಕಟ್ಟಿ, ಚೀಟಿ ಹಾಕಿದರೆ ಹೇಗೆ?

ಅಂದಹಾಗೆ ತಗಚೆ ಇದೆಯೇ ನೋಡಿ. ನಾವು ತಜಂಕ್ ಎನ್ನುತ್ತೇವೆ. ಆಟಿಯಲ್ಲಿ ಎಳೆಯ ಎಲೆಯ ಅಂಬಡೆ, ಪಲ್ಯ ಮಾಡುತ್ತೇವೆ.

ಮೂರನೇ ಅಡ್ಡರಸ್ತೆ | ಜೂನ್ 13, ರಾತ್ರಿ 10.05

ನಾನು ಆ ಸಂಘದ ಸದಸ್ಯ. ಸ್ವಚ್ಛ ಮಾಡಿಸಬೇಕು ಎಂದು ಕೈ ಎತ್ತಿದವರಲ್ಲಿ ಒಬ್ಬ. ನಮ್ಮ ಕಷ್ಟವನ್ನೂ ಕೇಳಿ. ನನ್ನ ಮಗನಿಗೆ ಉಬ್ಬಸ. ಪಾರ್ಥೇನಿಯಂ ಹೂ ಬಿಟ್ಟ ತಿಂಗಳು ರಾತ್ರಿಯಿಡೀ ಎದೆ ಸುಯ್ಯೆನ್ನುತ್ತದೆ, ನಾನೂ ಅವನ ತಾಯಿಯೂ ಸರದಿಯಲ್ಲಿ ಎಚ್ಚರವಿರುತ್ತೇವೆ. ಕಳೆದ ವರ್ಷ ಕಾಲುದಾರಿಯಲ್ಲಿ ಎರಡು ಬಾರಿ ಹಾವು ಕಾಣಿಸಿತು. ಎಲ್ಲವನ್ನೂ ಬೆಳೆಯಲು ಬಿಡಿ ಎಂದರೆ ನಾವು ಎಲ್ಲಿ ಹೋಗಬೇಕು?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 14, ಬೆಳಿಗ್ಗೆ 6.15

ನಿಮ್ಮ ಮಾತು ನ್ಯಾಯವಾದದ್ದು. ಪಾರ್ಥೇನಿಯಂ ಉಳಿಯಬೇಕೆಂದು ಯಾರೂ ಹೇಳಲಾರರು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದ ಗಿಡ ಈಗ ದೇಶವನ್ನೆಲ್ಲ ವ್ಯಾಪಿಸಿದೆ. ಆದರೆ ಜೆಸಿಬಿಯಿಂದ ಕೆರೆಸಿದರೆ ಅದಕ್ಕೆ ಅನುಕೂಲವಾಗುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸಿರುತ್ತದೆ. ನೆಲ ಬರಿದಾದರೆ ಮೊದಲು ಎದ್ದು ಬರುವುದು ಅದೇ. ತಗಚೆ, ಅಣ್ಣೆ, ಗರಿಕೆ ದಟ್ಟವಾಗಿದ್ದ ಕಡೆ ಅದಕ್ಕೆ ಸುಲಭದಲ್ಲಿ ಜಾಗ ಸಿಗುವುದಿಲ್ಲ.

ಮಳೆಯಾಗಿ ಮಣ್ಣು ಮೆತ್ತಗಿರುವ ಈ ವಾರವೇ, ಹೂ ಬರುವ ಮೊದಲು, ಬೇರು ಸಮೇತ ಕೀಳಿಸಿ. ಕೀಳುವವರಿಗೆ ಕೈಗವಸು, ತುಂಬುತೋಳಿನ ಅಂಗಿ, ಮುಖಗವಸು ಕೊಡಿ. ಉಬ್ಬಸವಿದ್ದವರು ದೂರವಿರಲಿ. ಎಲೆಗಳನ್ನು ಜಾಲರಿಯಂತೆ ತಿಂದಿರುವುದು ಕಂಡರೆ ಹತ್ತಿರ ಹೋಗಿ ನೋಡಿ: ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳ ಪುಟ್ಟ ದುಂಬಿ. ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟ ದುಂಬಿ ಅದು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿದ್ದು ಮಳೆಗೆ ಏಳುತ್ತದೆ. ನೆಲ ಕೆರೆದರೆ ಅದೂ ಹೋಗುತ್ತದೆ.

ಹಾವಿನ ಭಯಕ್ಕೆ ಕಾಲುದಾರಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲನ್ನು ಗಿಡ್ಡಗೆ ಕತ್ತರಿಸಿದರೆ ಸಾಕು. ಉಳಿದದ್ದನ್ನು ಬಿಡಿ.

ಮೂರನೇ ಅಡ್ಡರಸ್ತೆ | ಜೂನ್ 14, ಬೆಳಿಗ್ಗೆ 9.00

ಇದನ್ನು ನಮಗೆ ಯಾರೂ ಹೇಳಿರಲಿಲ್ಲ ಸರ್. ದುಂಬಿಯನ್ನು ನೋಡಿ ಬರುತ್ತೇನೆ.

ಕಂದಾಯ ದಾಖಲೆ ಓದುವವನು | ಜೂನ್ 15, ಸಂಜೆ 5.30

ಹುಲ್ಲುಹಾಸೋ ಸೊಪ್ಪೋ ಎಂದು ಸಂಘ ತೀರ್ಮಾನಿಸುವ ಮೊದಲು ಪಹಣಿ ಮತ್ತು ಗ್ರಾಮ ನಕ್ಷೆ ತೆಗೆಸಿ ನೋಡಿ. ಗುಂಡುತೋಪು ಸಾಮಾನ್ಯವಾಗಿ ‘ಬಿ’ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲು. ಅಲ್ಲಿ ಸೊಪ್ಪು ಚಿವುಟುವ ಅಜ್ಜಿಗೂ ನಿವೇಶನ ಕೊಂಡವರಿಗೂ ಸಮಾನ ಹಕ್ಕು. ಗ್ರಾಮದ ಸಾಮೂಹಿಕ ಜಮೀನುಗಳ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ನೆನಪಿರಲಿ, ಇವತ್ತು ಹುಲ್ಲುಹಾಸು ಹಾಸಿದವರು ನಾಳೆ ಬೇಲಿ ಹಾಕಿ, ನಾಡಿದ್ದು ಬೀಗ ಹಾಕುತ್ತಾರೆ. ಎರಡು ಬಡಾವಣೆಗಳಲ್ಲಿ ನಾನೇ ನೋಡಿದ್ದೇನೆ.

ತೋಪಿನ ಎದುರು ಮನೆ | ಜೂನ್ 18, ಬೆಳಿಗ್ಗೆ 7.50

ಮೇಷ್ಟರೇ, ಕಾಲುದಾರಿಯ ಪಕ್ಕದ ಹೊಂಗೆಯ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಒಂದು ಅಣಬೆ ಬೆಳೆದಿದೆ. ಮರದ ಹಲಗೆಯಷ್ಟು ಗಟ್ಟಿ. ಮೇಲ್ಮೈ ವಾರ್ನಿಷ್ ಬಳಿದಂತೆ ಕೆಂಪು ಕಂದು ಹೊಳಪು, ಅಂಚು ಬಿಳಿ. ಬೆರಳಿನಿಂದ ತೀಡಿದರೆ ಕಂದು ಪುಡಿ ಅಂಟುತ್ತದೆ. ಬಹಳ ಚೆಂದವಿದೆ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 18, ಬೆಳಿಗ್ಗೆ 8.40

ಗ್ಯಾನೊಡರ್ಮ. ತೆಂಗಿನ ತೋಟದವರು ಅಣಬೆ ರೋಗ ಎನ್ನುವುದು ಇದರದ್ದೇ ಕೆಲಸವನ್ನು. ಅಣಬೆ ಹೊರಗೆ ಕಾಣಿಸಿಕೊಂಡಿದೆ ಎಂದರೆ ಒಳಗೆ ಬೇರು, ಬುಡ ಕೊಳೆಯಲು ಶುರುವಾಗಿ ಬಹಳ ದಿನಗಳಾಗಿವೆ. ಅದನ್ನು ಕಿತ್ತು ಎಸೆದರೆ ಮರ ಗುಣವಾಗುವುದಿಲ್ಲ. ಕಾಲುದಾರಿಯ ಪಕ್ಕವಿರುವುದರಿಂದ ಗಾಳಿಮಳೆಗೆ ಮೊದಲು ಮರದ ಅಧಿಕಾರಿಗಳಿಗೆ ಪತ್ರ ಬರೆದು ತೋರಿಸಿ. ಸಭೆಯಲ್ಲಿ ಇದನ್ನೂ ಹೇಳಿ. ಸುರಕ್ಷತೆಯ ಬಗ್ಗೆ ನಿಮಗೂ ಕಾಳಜಿಯಿದೆ ಎಂದು ಅವರಿಗೆ ತಿಳಿಯುತ್ತದೆ.

ತೋಪಿನ ಎದುರು ಮನೆ | ಜೂನ್ 22, ರಾತ್ರಿ 9.55

ಸಭೆ ಮುಗಿಸಿ ಈಗ ಬಂದೆ. ಮೂವತ್ತೊಂದು ಹೆಸರುಗಳ ಪಟ್ಟಿಯನ್ನು ಓದಿದೆ. ಹತ್ತನೆಯ ಹೆಸರಿಗೇ ಒಬ್ಬರು ಎದ್ದು, ‘ಅಣ್ಣೆ ಸೊಪ್ಪು ಇಲ್ಲಿದೆಯೇ? ನಮ್ಮಮ್ಮ ಮಾಡುತ್ತಿದ್ದಳು’ ಎಂದರು. ಅಲ್ಲಿಂದ ಮುಂದೆ ಪಟ್ಟಿ ಓದಲು ಬಿಡಲೇ ಇಲ್ಲ. ಪ್ರತಿಯೊಬ್ಬರಿಗೂ ಅವರವರ ಊರಿನ ಒಂದು ಹೆಸರು ನೆನಪಾಯಿತು.

ಪೂರ್ತಿ ಗೆಲುವೇನಲ್ಲ. ರಸ್ತೆಯ ಕಡೆಯ ಕಾಲು ಎಕರೆಯಲ್ಲಿ ಹುಲ್ಲುಹಾಸು ಬಂದೇ ಬರುತ್ತದೆ. ಗುತ್ತಿಗೆದಾರರಿಗೆ ಮುಂಗಡ ಕೊಟ್ಟಾಗಿದೆಯಂತೆ. ಉಳಿದದ್ದಕ್ಕೆ ಈ ಮಳೆಗಾಲ ಯಂತ್ರ ಬರುವುದಿಲ್ಲ. ಮೂರನೇ ಅಡ್ಡರಸ್ತೆಯವರು ಬೆಂಕಿಪೊಟ್ಟಣದಲ್ಲಿ ದುಂಬಿಯನ್ನು ತಂದು ಎಲ್ಲರಿಗೂ ತೋರಿಸಿದರು. ಪಾರ್ಥೇನಿಯಂ ಕೀಳಿಸುವ ಹೊಣೆಯನ್ನು ಅವರೇ ಹೊತ್ತಿದ್ದಾರೆ. ಹೊಂಗೆಯ ಬಗ್ಗೆ ನಾಳೆ ಪತ್ರ ಹೋಗುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹುಣಸೆ ಮರದ ಕೆಳಗೆ ಸೇರುತ್ತೇವೆ. ಅಜ್ಜಿ ಗಿಡ ತೋರಿಸಲು ಒಪ್ಪಿದ್ದಾರೆ. ಉಡುಪಿಯವರು ಹೇಳಿದಂತೆ ನೂಲು, ಚೀಟಿ ಸಿದ್ಧವಿದೆ. ತಿನ್ನುವಂಥವಕ್ಕೆ ಬಿಳಿ ನೂಲು, ಮುಟ್ಟಬಾರದ್ದಕ್ಕೆ ಕೆಂಪು. ಅಣಬೆಗೆ ಕೆಂಪು ಮಾತ್ರ.

ಹೊಸ ಬಾಡಿಗೆದಾರ | ಜೂನ್ 22, ರಾತ್ರಿ 10.20

ಬರುತ್ತೇನೆ ಅಕ್ಕಾ. ಹಸಿರು ಅಚ್ಚು ಬಿದ್ದ ಕಾಗದವನ್ನೂ ತರುತ್ತೇನೆ, ಮಕ್ಕಳು ನೋಡಲಿ. ಮೇಷ್ಟರೇ, ನಮ್ಮ ಮೆಟ್ಟಿಲ ಸಂದಿಯಲ್ಲಿ ಒಂದು ಗಿಡವಿದೆ: ಮೂರು ಎಲೆ, ಒಂದೊಂದೂ ಹೃದಯದ ಆಕಾರ, ಹಳದಿ ಹೂವು. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಏನಿದು?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು | ಜೂನ್ 23, ಬೆಳಿಗ್ಗೆ 6.05

ಹುಳಿ ಸೊಪ್ಪು. ಪುಲ್ಲಂಪುರಚಿ ಎಂದೂ ಕರೆಯುತ್ತಾರೆ. ಭಾನುವಾರ ಬರುವಾಗ ಒಂದು ಎಳೆ ತನ್ನಿ, ಅಜ್ಜಿ ಏನೆನ್ನುತ್ತಾರೋ ಕೇಳೋಣ.